ಹೆಪ್ಪು

ಆಲ್ಗೆ ಕೋಣೆಗೆ ಕಿಟಕಿಯಿಲ್ಲ. ಟ್ಯೂಬ್‌ಲೈಟು ಆರಿಸುವಂತಿಲ್ಲ.
ಹೊರಗೆ ಕಾರ್ಡ್‌ವೆಲ್ಲಿನ ಸಮುದ್ರಕ್ಕೆ ಕತ್ತಲಾದರೂ
ಒಳಗೆ ಸದಾ ಮಟಮಟ ಮಧ್ಯಾಹ್ನ.
ಸಾಲಾಗಿ ಗಾಜಿನ ಬುಡ್ಡಿಗಳು,
ಒಂದೊಂದರ ಮೂಗಿಗೂ ನಳಿಗೆ, ಗುಳುಗುಳು ಉಸಿರು.
ಮೊದಲನೆಯದು ಬಾರ್ಲಿ ನೀರು, ಮೂರನೆಯದು ಕಷಾಯ,
ಐದನೆಯದು ಬೆಲ್ಲದ ಕಾಫಿ:
ಬಣ್ಣ ನೋಡಿ ದಿನ ಎಣಿಸುತ್ತೇನೆ.
ಪುಸ್ತಕದ ಹೆಸರು ಕೀಟೋಸೆರಾಸ್.
ಕಣ್ಣಿಗೆ ಕಾಣದ್ದು, ಗಾಜಿನ ಚಿಪ್ಪಿನದು, ಮೂಲೆಗೊಂದು ಮುಳ್ಳು.

ಗುರುವಾರ ಸಂಜೆ ಬೆಲ್ಲದ ಕಾಫಿ ಒಡೆಯಿತು.
ಹಾಲು ಒಡೆದ ಹಾಗೆಯೇ, ಮೇಲೆ ತಿಳಿ, ತಳದಲ್ಲಿ ಗಸಿ,
ಮುಚ್ಚಳ ತೆಗೆದರೆ ಕೊಳೆತ ಎಲೆಕೋಸು.
ಪಕ್ಕದ್ದೂ ಅದೇ. ಅದರ ಪಕ್ಕದ್ದೂ.
ಮೂಲ ಸೀಸೆಯಿಂದ ಹನಿ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟರೆ
ಕೂದಲು ಮೈಯ ಹುಳುವೊಂದು
ಆರಾಮಾಗಿ ನನ್ನ ಆರು ತಿಂಗಳನ್ನು ಮೇಯುತ್ತಿತ್ತು.

ನಾಲ್ಕನೇ ತೊಟ್ಟಿಯಲ್ಲಿ ಸಿಗಡಿ ಮರಿ, ಹತ್ತು ಲಕ್ಷ.
ಹುಟ್ಟುವಾಗಲೇ ಬುತ್ತಿ ಕಟ್ಟಿಕೊಂಡು ಬಂದಿದ್ದವು,
ಹೊಟ್ಟೆಯೊಳಗೆ ಚೂರು ಹಳದಿ.
ಅದು ನಡುರಾತ್ರಿಗೆ ಮುಗಿಯುತ್ತದೆ.
ಆಮೇಲೆ ಬಾಯಿ ತೆರೆಯುತ್ತದೆ.

"ಪುಡಿ ಇದೆಯಲ್ಲ," ಎಂದ ಮರ್ವಿನ್, "ಕಲಸಿ ಹಾಕು."
ಪುಡಿ ಇದೆ, ಮೂಟೆಗಟ್ಟಲೆ, ಒಣಗಿಸಿದ ಹಸಿರು.
ಅದು ಕೊಳದಲ್ಲಿರುವ ದೊಡ್ಡವಕ್ಕೆ, ತಿಂಡಿಯ ಉಂಡೆಗೆ ಬೆರೆಸುವುದು,
ಬೇಯಿಸಿದಾಗ ಚೆನ್ನಾಗಿ ಕೆಂಪೇರಲೆಂದು.
ಹಸುಗೂಸಿನ ಬಾಯಿಗೆ ಯಾರಾದರೂ ಅವಲಕ್ಕಿ ತುರುಕುತ್ತಾರೆಯೇ?

ಉಳಿದದ್ದು ಇನ್ನಿಸ್‌ಫೇಲಿನ ರೆನ್ಜೊ ಕವಲ್ಲಾರೊ.
ಅವರಿಗೂ ನಮಗೂ ಮಾತಿಲ್ಲ.
ತಾಯಿ ಸಿಗಡಿಗಳ ಲೆಕ್ಕಕ್ಕೆ ಕೋರ್ಟು ಹತ್ತಿ ಮೂರು ವರ್ಷ.
ಕುಮಟೆಯಲ್ಲಿ ನಮ್ಮ ಓಣಿಯ ನೇಮ ನೆನಪಾಯಿತು:
ದೀಪ ಹಚ್ಚಿದ ಮೇಲೆ ಹೆಪ್ಪು ಹೊಸಿಲು ದಾಟಬಾರದು.
ಜಗಳವಿದ್ದ ಮನೆಗಂತೂ ಹಗಲಲ್ಲೂ ಇಲ್ಲ.
ಫೋನು ಎತ್ತಿದವನು ನನ್ನ ಹೆಸರೂ ಕೇಳಲಿಲ್ಲ.
"ಯಾವ ಹಂತ?"
"ರಾತ್ರಿಗೆ ಬಾಯಿ."
"ಡ್ರಮ್ಮು ತೊಳೆದು ತಾ."

ಬ್ರೂಸ್ ಹೈವೇ. ಟಲ್ಲಿಯ ಸಕ್ಕರೆ ಗಿರಣಿಯ ಹಬೆ.
ಕಬ್ಬಿನ ರೈಲು ಅಡ್ಡ ಬಂತು, ಡಬ್ಬಿ ಡಬ್ಬಿ ಡಬ್ಬಿ,
ಮುಗಿಯದ ರೈಲು. ಸ್ಟೀರಿಂಗಿಗೆ ಗುದ್ದಿದೆ.

ಅವನು ಗೇಟಿನ ಹೊರಗೇ ನಿಂತಿದ್ದ, ಚಪ್ಪಲಿಯಲ್ಲಿ.
ಎರಡು ಡ್ರಮ್ಮು ತುಂಬಿಸಿದ, ಬ್ಯಾಟರಿ ಪಂಪು ಕಟ್ಟಿದ,
ಕೊನೆಗೆ ಅಂಗೈಯಗಲದ ಸೀಸೆ, ಹತ್ತಿ ಬಿರಡೆಯದು.
"ಇದನ್ನು ಸುರಿಯಬೇಡ. ಇದು ಇಟ್ಟುಕೊಳ್ಳೋಕೆ."
ಮರ್ವಿನ್ ಹೇಗಿದ್ದಾನೆ ಎಂದು ಕೇಳಲಿಲ್ಲ.
ಸೊಳ್ಳೆ ಹೊಡೆದುಕೊಳ್ಳುತ್ತಾ ಒಳಗೆ ಹೋದ.
ಸೀಸೆಗೆ ಸೀಟ್‌ಬೆಲ್ಟು ಬಿಗಿದೆ. ದಾರಿಯುದ್ದ
ಎಡಗೈಯಿಂದ ಆಗಾಗ ಮೆಲ್ಲಗೆ ಕುಲುಕಿದೆ.

ಸುರಿದಾಗ ಹನ್ನೆರಡೂವರೆ.
ನೀರು ತುಸು ಕಂದಿತು, ಅಷ್ಟೇ. ಏನೂ ಆಗಲಿಲ್ಲ.
ಒಂದು ಗಂಟೆ. ಎರಡು.
ಲೋಟದಲ್ಲಿ ಮೊಗೆದು ಟಾರ್ಚಿಗೆ ಹಿಡಿಯುವುದು, ಮತ್ತೆ ಚೆಲ್ಲುವುದು.
ನಾಲ್ಕಕ್ಕೆ ಸ್ವಲ್ಪ ಮೊದಲು
ಒಂದು ಮರಿಯ ಹಿಂದೆ ದಾರ ಕಂಡಿತು.
ಹಿಕ್ಕೆಯ ದಾರ, ಕಂದು, ಮರಿಗಿಂತ ಉದ್ದ,
ಎಳೆದುಕೊಂಡು ಓಡಾಡುತ್ತಿದೆ ಗಾಳಿಪಟದ ಬಾಲದಂತೆ.
ಇನ್ನೊಂದರ ಹಿಂದೆ. ಮತ್ತೊಂದರ.
ಹಿಕ್ಕೆ ನೋಡಿ ಅತ್ತವಳು
ಈ ಕರಾವಳಿಯಲ್ಲಿ ನಾನೊಬ್ಬಳೇ ಇರಲಾರೆ.

ಈಗ ವಾರಕ್ಕೊಮ್ಮೆ ಸೀಸೆ ಒಡೆಯುತ್ತೇನೆ,
ಒಂದರಿಂದ ಎರಡು, ಹಳೆಯದು ತೊಟ್ಟಿಗೆ, ಹೊಸದು ಕಪಾಟಿಗೆ.
ಅವನು ಕೊಟ್ಟ ಹನಿಯಲ್ಲಿ ಒಂದು ಕಣವೂ ಉಳಿದಿರಲಿಕ್ಕಿಲ್ಲ.
ಕೋರ್ಟಿನಲ್ಲಿ ಹೊಸ ತಾರೀಕು ಬಿದ್ದಿದೆ.
ತಪಾಸಣೆಗೆ ಬಂದ ಮರ್ವಿನ್ ಸೀಸೆಯ ಪಟ್ಟಿ ಓದಿ,
ಕನ್ನಡಕ ಒರೆಸಿಕೊಂಡು, ಮತ್ತೆ ಓದಿ,
ಇದ್ದಲ್ಲೇ ಇಟ್ಟ.
ನನ್ನ ಕೈಬರಹ, ಪ್ರತಿ ವಾರ ಹೊಸದಾಗಿ:
ರೆನ್ಜೊ, ಮತ್ತು ತಾರೀಕು.